ಹೊಸ ಡಿಎಸ್‌ಎಲ್‌ಆರ್: ಆಕಾಶದಲ್ಲಿ ಚುಕ್ಕೆ ಯಾಕೆ?

ಪ್ರಶ್ನೆ (ಗಂಗಾವತಿಯಿಂದ): ಹೊಸ ಕ್ಯಾಮೆರಾ, 18-55 ಲೆನ್ಸ್. ಹಿಡಿತ ಗಟ್ಟಿ, ಫೋಕಸ್ ಚುರುಕು. ಆದ್ರೆ ಆನೆಗೊಂದಿ ಬಂಡೆಗಳ ಫೋಟೊದಲ್ಲಿ, ಎಫ್/16 ಇಟ್ಟಾಗ, ಆಕಾಶದ ಒಂದೇ ಜಾಗದಲ್ಲಿ ಮಸುಕು ಚುಕ್ಕೆ. ಎಫ್/5.6ರಲ್ಲಿ ಕಾಣಲ್ಲ. ಲೆನ್ಸ್ ದೋಷವೇ?

ಉತ್ತರ 1: ಅಲ್ಲ ಸರ್, ಸೆನ್ಸರ್ (ಚಿತ್ರ ದಾಖಲಿಸುವ ಫಲಕ) ಮೇಲಿನ ಧೂಳು. ಅಪರ್ಚರ್, ಅಂದ್ರೆ ಲೆನ್ಸ್‌ನ ಬೆಳಕಿನ ಕಿಂಡಿ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದಾಗುತ್ತೆ; ಕಿರಿದಾದಷ್ಟೂ ಧೂಳಿನ ನೆರಳು ಎದ್ದು ಕಾಣುತ್ತೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಲೆನ್ಸ್ ತೆಗೆದು, ಮೆನುವಿನ ಕ್ಲೀನಿಂಗ್ ಆಯ್ಕೆಯಿಂದ ಸೆನ್ಸರ್ ಮುಂದಿನ ಕನ್ನಡಿ ಮೇಲೆತ್ತಿ. ಕ್ಯಾಮೆರಾ ಬಾಯಿ ಕೆಳಗಿರಲಿ, ರಬ್ಬರ್ ಬ್ಲೋವರ್‌ನಿಂದ ನಾಲ್ಕೈದು ಸಲ ಊದಿ. ಬಾಯಿಂದ ಊದಲೇಬೇಡಿ, ಎಂಜಲು ಕೂರುತ್ತೆ.

ಉತ್ತರ 2: ವ್ಯೂಫೈಂಡರ್‌ನಲ್ಲಷ್ಟೇ (ಕಣ್ಣಿಟ್ಟು ನೋಡುವ ಕಿಂಡಿ) ಕಾಣುವ ಕಸ ಫೋಟೊಗೆ ಬರಲ್ಲ, ಮುಟ್ಟಬೇಡಿ. ಬೇಸಿಗೆ ಗಾಳಿಯಲ್ಲಿ ಬೆಟ್ಟದ ಮೇಲೆ ಲೆನ್ಸ್ ಬದಲಿಸುವುದು ಬೇಡ. ಅಂದಹಾಗೆ, ದೂರದ ಬಂಡೆಗೆ ಎಫ್/8 ಸಾಕು. ಎಫ್/16ರಲ್ಲಿ ಡಿಫ್ರಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಸೂಕ್ಷ್ಮ ವಿವರ ಮೆತ್ತಗಾಗುತ್ತೆ.