ಚದುರಂಗದ ಅಕ್ಕಿಕಾಳಿನ ಲೆಕ್ಕ: ಇಷ್ಟು ದೊಡ್ಡ ಸಂಖ್ಯೆಯ ಅಪವರ್ತನ ಕೈಯಲ್ಲೇ ಆಗುತ್ತಾ?

ಪ್ರಶ್ನೆ: ನಮಸ್ಕಾರ ಸರ್. ಚದುರಂಗದ ಮೊದಲ ಮನೆಗೆ ಒಂದು ಅಕ್ಕಿಕಾಳು, ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು, ಹೀಗೆ 64 ಮನೆ ತುಂಬಿಸಿದರೆ ಒಟ್ಟು 1,84,46,74,40,73,70,95,51,615 ಕಾಳು. ಒಂಬತ್ತನೇ ಕ್ಲಾಸಿನ ನನ್ನ ಮಗಳು ಇದರ ಅವಿಭಾಜ್ಯ ಅಪವರ್ತನ ಕಂಡುಹಿಡೀತೀನಿ ಅಂತ ಕೂತಿದ್ದಾಳೆ. ಸ್ಪ್ರೆಡ್‌ಶೀಟಿನಲ್ಲಿ ಲೆಕ್ಕ ಹಾಕಿಸಿದರೆ ಕೊನೆಗೆ 96,00,000 ಅಂತ ಬರುತ್ತಿದೆ. ಹಾಗಾದರೆ ಹತ್ತರಿಂದ ಭಾಗ ಹೋಗುತ್ತಾ?

ಉತ್ತರ (ಗಣಿತ ಉಪನ್ಯಾಸಕ): ಇಲ್ಲ, ಆ ಸೊನ್ನೆಗಳನ್ನು ನಂಬಬೇಡಿ. ಸ್ಪ್ರೆಡ್‌ಶೀಟ್ ಸಂಖ್ಯೆಯನ್ನು ಮೊದಲ 15 ಅಂಕಿಗೆ ದುಂಡಾಗಿಸಿ (ಅದಕ್ಕೇ 95 ಇದ್ದದ್ದು 96 ಆಗಿದೆ) ಉಳಿದದ್ದನ್ನು ಸೊನ್ನೆಯಾಗಿ ತೋರಿಸುತ್ತದೆ. ಕಾಳುಗಳ ಮೊತ್ತ 2ರ 64ನೇ ಘಾತಕ್ಕಿಂತ ಒಂದು ಕಡಿಮೆ. 2ರ ಘಾತಗಳ ಕೊನೆಯ ಅಂಕಿ 2, 4, 8, 6 ಎಂದು ಸುತ್ತುತ್ತಿರುತ್ತದೆ. 64 ನಾಲ್ಕರಿಂದ ಭಾಗ ಹೋಗುವುದರಿಂದ ಅಲ್ಲಿ 6 ಬರಬೇಕು. ಒಂದು ಕಳೆದರೆ 5. ಅಂಕಿಗಳ ಮೊತ್ತ 87, ಅಂದರೆ 3ರಿಂದ ಭಾಗ ಹೋಗುತ್ತದೆ, 9ರಿಂದ ಇಲ್ಲ.

ಇನ್ನು ಭಾಗಾಕಾರ ಮಾಡುತ್ತಾ ಕೂರುವುದು ಬೇಡ. ಸಂಖ್ಯೆ ಹುಟ್ಟಿದ ರೀತಿ ನೋಡಲಿ: ಇದು 2ರ 64ನೇ ಘಾತಕ್ಕಿಂತ ಒಂದು ಕಡಿಮೆ. ಆ ಘಾತವೋ, 2ರ 32ನೇ ಘಾತದ ವರ್ಗ. ವರ್ಗದಿಂದ 1 ಕಳೆದರೆ ಅದು ಯಾವಾಗಲೂ ಎರಡು ತುಂಡಾಗುತ್ತದೆ, ಮೂಲಕ್ಕಿಂತ ಒಂದು ಹೆಚ್ಚು ಮತ್ತು ಒಂದು ಕಡಿಮೆ. 16 − 1 = 5 × 3 ಇದ್ದ ಹಾಗೆ. ಕಡಿಮೆಯ ತುಂಡನ್ನು ಮತ್ತೆ ಮತ್ತೆ ಒಡೆಯುತ್ತಾ ಹೋದರೆ ಸಿಗುವುದು:

3 × 5 × 17 × 257 × 65,537 × 4,29,49,67,297

ಒಂಬತ್ತನೇ ಕ್ಲಾಸಿನ ನಿತ್ಯಸಮೀಕರಣ ಒಂದೇ ಸಾಕಾಯಿತು ನೋಡಿ! ಮೊದಲ ಐದೂ ಅವಿಭಾಜ್ಯ. ಆರನೆಯದೂ ಹಾಗೇ ಇರಬೇಕು ಎಂದು 1640ರಲ್ಲಿ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು ಒಡೆದರು: 641 × 67,00,417. ಈ ಎರಡೂ ಅವಿಭಾಜ್ಯ.

ಪ್ರಶ್ನೆ: ಸರ್, ಅವಳು ಬಿಡುತ್ತಿಲ್ಲ. 641 ಅಂತ ಗೊತ್ತಾಗಿದ್ದು ಹೇಗೆ ಅಂತಾಳೆ.

ಉತ್ತರ: ಒಳ್ಳೆಯ ಹಟ, ಹಾಗೇ ಇರಲಿ. ಆ ಆರನೆಯ ಸಂಖ್ಯೆ 4,29,49,67,297ರ ಅವಿಭಾಜ್ಯ ಭಾಜಕ ಯಾವುದೇ ಆದರೂ 64ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. ಅಂಥ ಅವಿಭಾಜ್ಯಗಳು 193, 257, 449, 577, 641. ಐದನೆಯದಕ್ಕೇ ಸಿಕ್ಕಿತು.

ಭಾಗಿಸದೆಯೂ ತೋರಿಸಬಹುದು, ಇದು ನನಗೆ ತುಂಬಾ ಇಷ್ಟ. 641 = 5 × 128 + 1. ಹಾಗಾಗಿ 641ರಿಂದ ಭಾಗಿಸುವಾಗ 5 × 128 ಎಂದರೂ −1 ಎಂದರೂ ಒಂದೇ. ಎರಡನ್ನೂ ನಾಲ್ಕನೇ ಘಾತಕ್ಕೇರಿಸಿದರೆ, 625 × (2ರ 28ನೇ ಘಾತ) ಶೇಷ 1 ಕೊಡುತ್ತದೆ. ಇನ್ನೊಂದು ಕಡೆ 641 = 625 + 16, ಆದ್ದರಿಂದ 625ರ ಜಾಗಕ್ಕೆ −16 ಹಾಕಬಹುದು. 16 ಎಂದರೆ 2ರ 4ನೇ ಘಾತ. 28ರ ಜೊತೆ ಸೇರಿ 32 ಆಯಿತು. ಈಗ −(2ರ 32ನೇ ಘಾತ) ಶೇಷ 1, ಅಂದರೆ 2ರ 32ನೇ ಘಾತಕ್ಕೆ 1 ಕೂಡಿಸಿದರೆ ಶೇಷ ಸೊನ್ನೆ.

ಪ್ರಶ್ನೆ: ಕಾಳುಗಳ ಆ ದೊಡ್ಡ ಸಂಖ್ಯೆಗೆ ಒಟ್ಟು ಎಷ್ಟು ಭಾಜಕ ಇವೆ ಸರ್?

ಉತ್ತರ: ಏಳು ಬೇರೆ ಬೇರೆ ಅವಿಭಾಜ್ಯಗಳು, ಪ್ರತಿಯೊಂದೂ ಒಂದೊಂದೇ ಸಲ. ಒಂದೊಂದನ್ನೂ ಸೇರಿಸಬಹುದು ಇಲ್ಲವೇ ಬಿಡಬಹುದು, ಹಾಗಾಗಿ 2ನ್ನು ಏಳು ಸಲ ಗುಣಿಸಿ: 128. ಚದುರಂಗದ ಎಂಟನೇ ಮನೆಯಲ್ಲಿ ಇರುವ ಕಾಳೂ ಅಷ್ಟೇ!