‘ಪೆಪ್ಪರ್’ ಪದದ ಮೂಲ ಮತ್ತು ನಮ್ಮ ಒಳ್ಳೆಮೆಣಸು

ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿನ ಮರಗಳಿಗೆ ಹಬ್ಬಿದ ಬಳ್ಳಿಯ ಕಾಳಿಗೆ ಇಂಗ್ಲಿಷಿನಲ್ಲಿ ‘ಪೆಪ್ಪರ್’ ಎನ್ನುತ್ತಾರೆ. ಬಳ್ಳಿ ನಮ್ಮ ಪಶ್ಚಿಮ ಘಟ್ಟದ್ದೇ ಆದರೂ ಆ ಹೆಸರು ಮೆಣಸಿನದಲ್ಲ, ಅದರ ಹತ್ತಿರದ ಬಂಧುವಾದ, ಉದ್ದನೆಯ ಕಾಯಿ ಬಿಡುವ ಹಿಪ್ಪಲಿಯದು.

ಹಳೆಯ ಇಂಗ್ಲಿಷಿನ ‘ಪಿಪೊರ್’ ಲ್ಯಾಟಿನ್ನಿನ ‘ಪಿಪೆರ್’ನಿಂದಲೂ, ಅದು ಗ್ರೀಕಿನ ‘ಪೆಪೆರಿ’ಯಿಂದಲೂ, ಅದು ಸಂಸ್ಕೃತದ ‘ಪಿಪ್ಪಲೀ’ಯಂಥ ಭಾರತೀಯ ರೂಪದಿಂದಲೂ ಬಂದದ್ದು, ನಡುವೆ ಇರಾನಿನ ಭಾಷೆಗಳನ್ನು ಹಾದು ಹೋದುದರಿಂದ ಲಕಾರವು ರಕಾರವಾಯಿತೆಂದು ವಿದ್ವಾಂಸರು ವಿವರಿಸುತ್ತಾರೆ. ಅಥರ್ವವೇದದಲ್ಲಿ ಪಿಪ್ಪಲಿಯನ್ನು ಔಷಧಿಯೆಂದು ಸ್ತುತಿಸುವ ಸೂಕ್ತವೇ ಇದೆ. ‘ಪಾಲು’ ಹಾಲಾದಂತೆ, ‘ಪುಲಿ’ ಹುಲಿಯಾದಂತೆ ಕನ್ನಡದಲ್ಲಿ ಅದು ‘ಹಿಪ್ಪಲಿ’ಯಾಯಿತು, ಮೊದಲ ಪಕಾರ ಹೋಗಿ ನಡುವಿನ ಒತ್ತಕ್ಷರ ಹಾಗೆಯೇ ಉಳಿದಿರುವುದು ನಮ್ಮ ಧ್ವನಿನಿಯಮಕ್ಕೆ ಒಳ್ಳೆಯ ಸಾಕ್ಷಿ.

ಒಂದು ಗಿಡದ ಹೆಸರು ಇನ್ನೊಂದಕ್ಕೆ ಹೇಗೆ ಅಂಟಿತು? ರೋಮಿನಲ್ಲಿ ಎರಡನ್ನೂ ಒಂದೇ ಪದದಿಂದ ಕರೆದು, ಉದ್ದನೆಯದು, ಕರಿಯದು ಎಂದು ವಿಶೇಷಣದಿಂದ ಬೇರ್ಪಡಿಸುತ್ತಿದ್ದರು. ಕ್ರಿ.ಶ. 1ನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಕೊಡುವ ದರದಂತೆ ಒಂದು ಪೌಂಡು ಹಿಪ್ಪಲಿಗೆ 15 ದಿನಾರಿಯಸ್ (ರೋಮಿನ ಬೆಳ್ಳಿ ನಾಣ್ಯ), ಕರಿಮೆಣಸಿಗೆ ಬರಿಯ 4. ಮುಂದೆ ಅಗ್ಗದ ಕಾಳೇ ಎಲ್ಲೆಡೆ ಬಳಕೆಗೆ ಬಂದು, ಹಿಪ್ಪಲಿ ಯುರೋಪಿನ ಅಡುಗೆಯಿಂದ ಮರೆಯಾದಾಗ ಹೆಸರು ಮಾತ್ರ ಉಳಿದುಕೊಂಡಿತು.

ಅಮೆರಿಕದಿಂದ ಬಂದ ಹೊಸ ಕಾಯಿಗೂ ಇಂಗ್ಲಿಷರು ‘ರೆಡ್ ಪೆಪ್ಪರ್’ ಎಂದೇ ಹೆಸರಿಟ್ಟರು. ಕನ್ನಡವೂ ಅದನ್ನೇ ಮಾಡಿದೆ: ‘ಮೆಣಸಿನಕಾಯಿ’. ಹಲವು ಕಡೆ ‘ಮೆಣಸು’ ಎಂದರೆ ಈಗ ಆ ಕಾಯಿಯೇ ಆಗಿರುವುದರಿಂದ ಹಳೆಯ ಕಾಳಿಗೆ ‘ಕಾಳುಮೆಣಸು’, ‘ಒಳ್ಳೆಮೆಣಸು’ ಎಂದು ವಿಶೇಷಣ ಸೇರಿಸಿ ಹೇಳಬೇಕಾಗಿದೆ. ಕೊಡವ ತಕ್ಕಿನ ‘ನಲ್ಲಮಳು’, ಮಲಯಾಳದ ‘ನಲ್ಲಮುಳಕು’ ಎರಡಕ್ಕೂ ‘ಒಳ್ಳೆಯ ಮೆಣಸು’ ಎಂದೇ ಅರ್ಥ.

ನನ್ನ ಪ್ರಶ್ನೆ ಈ ‘ಒಳ್ಳೆ’ಯನ್ನು ಕುರಿತದ್ದು. ಅದು ಮೆಣಸಿನಕಾಯಿ ಬಂದ 16ನೆಯ ಶತಮಾನದ ನಂತರ, ಹಳತನ್ನು ಹೊಸತರಿಂದ ಬೇರ್ಪಡಿಸಲೆಂದೇ ಸೇರಿದ ಮಾತೆಂದು ನನ್ನ ಅಭಿಪ್ರಾಯ. ಅದಕ್ಕೂ ಹಿಂದಿನ ಶಾಸನ ಅಥವಾ ಕಾವ್ಯದಲ್ಲಿ ‘ಒಳ್ಳೆಮೆಣಸು’ ಎಂಬ ಪ್ರಯೋಗವನ್ನು ಕಂಡವರಿದ್ದರೆ ದಯವಿಟ್ಟು ಪದ್ಯಸಹಿತವಾಗಿ ತಿಳಿಸಬೇಕು. ಒಂದೇ ಒಂದು ಪ್ರಯೋಗ ಸಿಕ್ಕಿದರೂ ನನ್ನ ವಾದ ನಿಲ್ಲುವುದಿಲ್ಲ. ಕೊಡಗಿನ ಹಿರಿಯರು ಹಿಪ್ಪಲಿಗೆ ಮನೆಮಾತಿನಲ್ಲಿ ಬೇರೆ ಹೆಸರು ಬಳಸುತ್ತಿದ್ದರೆ ಅದನ್ನೂ ತಿಳಿಸಿ.