4ನೇ ಕ್ರಾಸ್ ಒಳಚರಂಡಿ (ಯುಜಿಡಿ): ಅರ್ಜಿ ಯಾರಿಗೆ ಕೊಡಬೇಕು?

ಅಡ್ಮಿನ್ (1ನೇ ಕ್ರಾಸ್)
ಎಲ್ಲರಿಗೂ ನಮಸ್ಕಾರ್ರಿ. 4ನೇ ಕ್ರಾಸ್ ಮೂಲಿ ಚೇಂಬರ್ ಮತ್ತ ತುಂಬಿ ಹರೀಲತ್ತದ. ಹೊಲಸು ನೀರು ಪಾರ್ಕಿನ ಗೋಡಿ ಗುಂಟ ಬಂದು ರಿಂಗ್ ರೋಡ್ ಕಡಿ ತಗ್ಗಿನ ಮನಿಗಳ ಮುಂದ ನಿಂತದ. ಎಲ್ಲಿ ಹೋದ್ರೂ "ನಮ್ಮ ಹದ್ದಿಗೆ ಬರಂಗಿಲ್ಲ" ಅನ್ನೋದೇ ಉತ್ತರ. ಈ ಸಲ ಎಲ್ಲರೂ ಸಹಿ ಹಾಕಿ ಅರ್ಜಿ ಕೊಡೋಣ. ಆದ್ರ ಯಾರಿಗೆ? ಗೊತ್ತಿದ್ದವರು ಬರೀರಿ. ಗುಡ್ ಮಾರ್ನಿಂಗ್ ಫೋಟೋ ಇವತ್ತೊಂದಿನ ಬ್ಯಾಡ್ರಿ.

3ನೇ ಕ್ರಾಸ್, ಮನೆ 9
ಅದರಾಗ ಕೇಳೋದೇನದ? ಸೋಮವಾರ ಡಿಸಿ ಆಫೀಸ್ ಮುಂದ ಕುಂಡ್ರೋಣ. ಜಿಲ್ಲಾಕ್ಕ ದೊಡ್ಡವ್ರು ಅವ್ರೇ ಅಲ್ಲೇನ್ರಿ. ಯಾದಗಿರ್ಯಾಗ ನಮ್ಮ ಬೀಗರ ಓಣಿಯವರು ಡಿಸಿಗೆ ಅರ್ಜಿ ಕೊಟ್ಟೇ ನಾಲಿ ಮಾಡಿಸ್ಕೊಂಡ್ರು.

2ನೇ ಕ್ರಾಸ್, ಮನೆ 31
ಕಾಕಾ, ಯಾದಗಿರಿ ಲೆಕ್ಕ ಇಲ್ಲಿ ನಡೆಯಂಗಿಲ್ಲ. ಅಲ್ಲಿರೋದು ನಗರಸಭೆ. ಅದು ನಡೆಯೋದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಮೇಲೆ. ಆ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಗೆ ತಪಾಸಣೆ ಮಾಡೋ ಅಧಿಕಾರ, ಠರಾವು ತಡೆಹಿಡಿಯೋ ಅಧಿಕಾರ ಎರಡೂ ಇವೆ. ಜಿಲ್ಲಾ ನಗರಾಭಿವೃದ್ಧಿ ಕೋಶವೂ ಡಿಸಿ ಕಚೇರಿಯಲ್ಲೇ ಕೂಡ್ತದೆ. ಅದಕ್ಕೇ ಅಲ್ಲಿ ಡಿಸಿ ಹೇಳಿದ್ರೆ ಪೌರಾಯುಕ್ತರು ಓಡಿ ಬರ್ತಾರೆ. ನಮ್ಮ ಜಿಲ್ಲೆಯಲ್ಲೇ ಶಹಾಬಾದ ನಗರಸಭೆಗೂ ಇದೇ ಮಾತು. ಕಲಬುರಗಿ ನಗರ ಮಾತ್ರ ಮಹಾನಗರ ಪಾಲಿಕೆ, ಅದರ ಕಾಯ್ದೆ ಬೇರೆ, 1976ರದ್ದು. ಇಲ್ಲಿ ಕಾರ್ಯಾಂಗದ ಅಧಿಕಾರ ಆಯುಕ್ತರದ್ದು, ಬಜೆಟ್ಟು ಮತ್ತು ಠರಾವು 55 ವಾರ್ಡಿನ ಸದಸ್ಯರ ಸಭೆಯದ್ದು. ಡಿಸಿಗೆ ಅರ್ಜಿ ಕೊಟ್ರೆ ಅದರ ಮೇಲೆ "ಸೂಕ್ತ ಕ್ರಮಕ್ಕಾಗಿ" ಅಂತ ಬರೆದು ಆಯುಕ್ತರಿಗೇ ಕಳಿಸ್ತಾರೆ. ನಮಗೆ ಅಷ್ಟು ದಿನ ಹಾಳು.

ಆಡಳಿತದಲ್ಲಿ ಎರಡು ಬೇರೆ ಬೇರೆ ಸರಪಳಿ ಅವೆ, ಎಲ್ಲರೂ ಎಡವೋದು ಇಲ್ಲೇ. ಒಂದು ಕಂದಾಯದ್ದು: ವಿಭಾಗಕ್ಕೆ ಪ್ರಾದೇಶಿಕ ಆಯುಕ್ತರು, ಜಿಲ್ಲೆಗೆ ಡಿಸಿ, ಉಪವಿಭಾಗಕ್ಕೆ ಎಸಿ (ಸಹಾಯಕ ಆಯುಕ್ತರು), ತಾಲ್ಲೂಕಿಗೆ ತಹಸೀಲ್ದಾರರು, ಹೋಬಳಿಗೆ ಕಂದಾಯ ನಿರೀಕ್ಷಕರು, ಊರಿಗೆ ಗ್ರಾಮ ಆಡಳಿತ ಅಧಿಕಾರಿ. ಪಹಣಿ, ಭೂಪರಿವರ್ತನೆ, ಪ್ರವಾಹ ಪರಿಹಾರ, ಜಾತಿ ಆದಾಯ ಪ್ರಮಾಣಪತ್ರ ಈ ಸಾಲಿನ ಕೆಲಸ. ಇನ್ನೊಂದು ನಾವು ಓಟು ಹಾಕಿ ಕೂಡಿಸಿದ ಸಂಸ್ಥೆಗಳದ್ದು: ಹಳ್ಳಿ ಕಡೆ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯತಿ, ಪಟ್ಟಣದ ಕಡೆ ಪಟ್ಟಣ ಪಂಚಾಯತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ. ಸಂವಿಧಾನದ 73 ಮತ್ತು 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ಈ ಎರಡನೇ ಸಾಲಿಗೆ ಸಂವಿಧಾನದ ಬಲ ಸಿಕ್ತು. ಚರಂಡಿ, ಬೀದಿದೀಪ, ಕಸ, ಕುಡಿಯೋ ನೀರು ಈ ಸಾಲಿಗೆ ಸೇರಿದ್ದು.

3ನೇ ಕ್ರಾಸ್, ಮನೆ 9
ಹಂಗಾದ್ರ ಪ್ರಾದೇಶಿಕ ಆಯುಕ್ತರಿಗೆ ಕೊಡೋಣೇನ್ರಿ? ಡಿಸಿಕಿಂತ ಮ್ಯಾಲಿನವ್ರು.

2ನೇ ಕ್ರಾಸ್, ಮನೆ 31
ಅವರು ಏಳು ಜಿಲ್ಲೆ ನೋಡ್ತಾರೆ: ಕಲಬುರಗಿ, ಬೀದರ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ. ಪಾಲಿಕೆಗೂ ಅವರಿಗೂ ನೇರ ನಂಟು ಕಾಣೋದು ಮೇಯರ್ ಚುನಾವಣೆ ನಡೆಸೋ ದಿನ. ಚೇಂಬರ್ ಬಗ್ಗೆ ಅಲ್ಲಿಗೆ ಹೋಗಬೇಡ್ರಿ.

4ನೇ ಕ್ರಾಸ್, ಮನೆ 52
ಸರ್, ಮೊದಲ ಪ್ರಶ್ನೆ ಬ್ಯಾರೇನೇ ಅದ. ನಾವು ಪಾಲಿಕೆಯಾಗ ಇದ್ದೀವೋ ಪಂಚಾಯತ್ಯಾಗ ಇದ್ದೀವೋ? ನಮ್ಮ ಪ್ಲಾನಿನ ಮ್ಯಾಲ ನಗರಾಭಿವೃದ್ಧಿ ಪ್ರಾಧಿಕಾರದ ಸಿಕ್ಕಾ ಅದ. ಪಹಣ್ಯಾಗ ನೋಡಿದ್ರ ಹಳ್ಳಿ ಹೆಸರದ.

2ನೇ ಕ್ರಾಸ್, ಮನೆ 31
ಅಕ್ಕಾರ, ಆ ಎರಡೂ ಕಾಗದದಿಂದ ಅದು ತೀರ್ಮಾನ ಆಗಂಗಿಲ್ಲ. ಪ್ರಾಧಿಕಾರದ ಯೋಜನಾ ಪ್ರದೇಶ ಪಾಲಿಕೆ ಹದ್ದಿಗಿಂತ ದೊಡ್ಡದು, ಸುತ್ತಲಿನ ಹಳ್ಳಿಗಳೂ ಅದರೊಳಗೆ ಬರ್ತವೆ. ಅವರು ನಕ್ಷೆ ಮಂಜೂರು ಮಾಡಿದ್ರು ಅಂದ ಮಾತ್ರಕ್ಕೆ ಜಾಗ ನಗರದೊಳಗೆ ಬಂತು ಅಂತ ಅರ್ಥ ಅಲ್ಲ. ಪಹಣಿಯಲ್ಲಿ ಹಳ್ಳಿ ಹೆಸರಿದ್ರೆ ಪಂಚಾಯತಿ ಅಂತಲೂ ಅಲ್ಲ. ಕಂದಾಯ ಗ್ರಾಮದ ಹೆಸರು ನಗರ ಬೆಳೆದು ಮೇಲೆ ಬಂದ್ರೂ ಹಂಗೇ ಉಳೀತದೆ.

ನೋಡಬೇಕಾದ್ದು ಖಾತಾ. ನಿಮ್ಮ ಕೈಯಾಗಿರೋದು ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11 ಆಗಿದ್ರೆ ತೆರಿಗೆ ತಗೊಳ್ಳೋದು ಪಂಚಾಯತಿ. ಇ-ಆಸ್ತಿಯ ಖಾತಾ ಆಗಿದ್ರೆ ಪಾಲಿಕೆ. ಅನುಮಾನ ಉಳಿದ್ರೆ ಪಾಲಿಕೆ ಗಡಿಯ ಅಂತಿಮ ಅಧಿಸೂಚನೆ ತೆಗೆಸ್ರಿ. ರಾಜ್ಯಪತ್ರದ ಅನುಬಂಧದಲ್ಲಿ ಸರ್ವೆ ನಂಬರ್ ಇರ್ತವೆ. ಅದರಾಗ ನಂಬರ್ ಇದ್ರೆ ಒಳಗೆ, ಇಲ್ಲಂದ್ರೆ ಹೊರಗೆ. ಬಾಯಿಮಾತಿಗೆ ಬೆಲೆ ಇಲ್ಲ.

4ನೇ ಕ್ರಾಸ್, ಮನೆ 52
ನಮ್ಮದು ನಮೂನೆ 9 ಅದರಿ. ಎದುರುಗಡೆ ಮನಿಯವರದು ಇ-ಆಸ್ತಿ!

ಅಡ್ಮಿನ್ (1ನೇ ಕ್ರಾಸ್)
ಅಂದ್ರ ಹದ್ದು 4ನೇ ಕ್ರಾಸ್ ರೋಡಿನ ನಡುವ ಹಾದದ. ಎಲ್ಲರೂ ಸಂಜಿ ತನಕ ಮನೆ ನಂಬರ್, ಸರ್ವೆ ನಂಬರ್, ಖಾತಾ ಯಾವುದು ಅಂತ ಹಾಕ್ರಿ. ಖಾತಾದ ಫೋಟೋ ಬ್ಯಾಡ, ಹೆಸರು ಫೋನ್ ನಂಬರ್ ಎಲ್ಲಾ ಕಾಣ್ತಾವ.

5ನೇ ಕ್ರಾಸ್, ಮನೆ 67
ಯುಜಿಡಿ ಬಗ್ಗೆ ನಾ ಹೇಳ್ತೀನಿ. ಅರ್ಜಿಯಲ್ಲಿ "ಚೇಂಬರ್ ತುಂಬಿದೆ" ಅಂತಷ್ಟೇ ಬರೆದ್ರೆ ಜೆಟ್ಟಿಂಗ್ ಗಾಡಿ (ಜೋರಾಗಿ ನೀರು ಬಿಟ್ಟು ಕೊಳವೆ ಬಿಡಿಸೋ ಗಾಡಿ) ಬಂದು ಒತ್ತಿ ಹೋಗ್ತದೆ, ನಾಲ್ಕು ದಿನಕ್ಕೆ ಮತ್ತೆ ಅದೇ ಹಾಡು. ಬ್ಲಾಕ್ ಎಲ್ಲಿದೆ ಅಂತ ನಾವೇ ತೋರಿಸಬೇಕು. ಮ್ಯಾನ್‌ಹೋಲುಗಳು ಸಾಮಾನ್ಯವಾಗಿ 30 ಮೀಟರಿಗೆ ಒಂದು ಇರ್ತವೆ. ಪಾಲಿಕೆ ಸಿಬ್ಬಂದಿ ಬಂದಾಗ ಇಳಿಜಾರಿನ ದಿಕ್ಕಿಗೆ ಒಂದೊಂದೇ ಮುಚ್ಚಳ ತೆಗೆಸಿ, ದೂರ ನಿಂತು ಟಾರ್ಚ್ ಬಿಟ್ಟು ನೋಡ್ರಿ. ಮೇಲಿನದು ತುಂಬಿದ್ದು ಕೆಳಗಿನದು ಒಣಗಿದ್ರೆ ಅವೆರಡರ ನಡುವೆ ಕಟ್ಟಿದೆ. ಎಲ್ಲವೂ ತುಂಬಿದ್ರೆ ತೊಂದರೆ ದೂರದಲ್ಲಿದೆ, ಮುಖ್ಯ ಕೊಳವೆಯಲ್ಲಿ. ಆಗ ನಮ್ಮ ಕ್ರಾಸಿನಲ್ಲಿ ಎಷ್ಟು ಒತ್ತಿಸಿದ್ರೂ ದಂಡ.

ಕಾರಣ ಮೂರು ಕಾಣ್ತವೆ. ನಮ್ಮದು ಕರಿ ಎರೆ ಮಣ್ಣು, ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡ್ತದೆ. ಕೊಳವೆ ಕೆಳಗೆ ಮರಳಿನ ಹಾಸು ಸರಿಯಾಗಿ ಹಾಕಿರಲಿಲ್ಲ ಅಂದ್ರೆ ಕೂಡುಗಳು ಸರಿದು ಕೊಳವೆ ನಡುವೆ ತಗ್ಗು ಬೀಳ್ತದೆ, ಆ ತಗ್ಗಿನಲ್ಲಿ ಗಟ್ಟಿ ಪದಾರ್ಥ ಕೂಡ್ತದೆ. ಹೊಲಸು ತಾನಾಗೇ ತೊಳೆದು ಹೋಗಬೇಕಾದ್ರೆ ನೀರು ಸೆಕೆಂಡಿಗೆ 0.6 ಮೀಟರ್ ವೇಗದಲ್ಲಾದರೂ ಹರೀಬೇಕು. ಎರಡನೇದು, ಮಾಳಿಗೆ ಮಳೆನೀರಿನ ಪೈಪು ಯುಜಿಡಿಗೆ ಜೋಡಿಸಿದ್ದು. ಈ ಗುಂಪಿನಲ್ಲೇ ಬಹಳ ಮಂದಿ ಮಾಡಿದ್ದಾರೆ, ಯಾರಂತ ಹೇಳಂಗಿಲ್ಲ. ಯುಜಿಡಿ ಮನೆ ಹೊಲಸು ನೀರಿಗೆ ಅಳತೆ ಮಾಡಿ ಹಾಕಿದ್ದು, ಮಾಳಿಗೆ ನೀರು ಬಿಟ್ರೆ ಒಂದು ಜೋರು ಮಳೆಗೇ ಚೇಂಬರ್ ಉಕ್ಕುತದೆ. ಮೂರನೇದು ಸೂಕ್ಷ್ಮ: ಪಂಚಾಯತಿ ಬದಿಯ ಮನೆಗಳಿಗೆ ಯುಜಿಡಿ ಮಂಜೂರೇ ಇಲ್ಲ, ಅಲ್ಲಿ ಸೆಪ್ಟಿಕ್ ಟ್ಯಾಂಕ್ ಇರಬೇಕು. ಆದ್ರೆ ಪೈಪು ಎಲ್ಲಿ ಹೋಗಿ ಸೇರಿದೆ ಅಂತ ಎಲ್ಲರಿಗೂ ಗೊತ್ತು.

4ನೇ ಕ್ರಾಸ್, ಮನೆ 52
ಲೇಔಟ್ ಮಾಡಿದವರೇ ಜೋಡಿಸಿ ಕೊಟ್ಟಾರ ಸರ್. ನಾವು ಅಗೆದು ಹಾಕಿದ್ದಲ್ಲ.

5ನೇ ಕ್ರಾಸ್, ಮನೆ 67
ನಿಮ್ಮ ಮೇಲೆ ತಪ್ಪು ಹೊರಿಸಿಲ್ಲ ಅಕ್ಕಾರ. ಆದ್ರೆ ಅರ್ಜಿಯಲ್ಲಿ ಇದನ್ನ ಮುಚ್ಚಿಟ್ರೆ ಪರಿಶೀಲನೆಗೆ ಬಂದವರು ಮೊದಲು ಅದನ್ನೇ ಬರೆದು ಫೈಲ್ ಮುಚ್ಚುತಾರೆ. ನಾವೇ ಹೇಳಿ, ಶುಲ್ಕ ಕಟ್ಟಿ ಸಕ್ರಮ ಸಂಪರ್ಕ ಕೊಡ್ರಿ ಅಂತ ಕೇಳೋದು ಚಲೋ.

3ನೇ ಕ್ರಾಸ್, ಮನೆ 9
ಇಷ್ಟೆಲ್ಲಾ ಯಾಕ? ಮನಿಗೆ ಇನ್ನೂರು ಕೂಡಿಸಿ ಒಬ್ಬ ಆಳಿಗೆ ಚೇಂಬರ್ ಒಳಗ ಇಳಿಸಿದ್ರ ಒಂದು ತಾಸಿನ ಕೆಲಸ.

2ನೇ ಕ್ರಾಸ್, ಮನೆ 31
ಕಾಕಾ, ಆ ಮಾತು ಈ ಗುಂಪಿನಲ್ಲಿ ಬರೀಲೇಬೇಡ್ರಿ. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಪ್ರಕಾರ ಮ್ಯಾನ್‌ಹೋಲಿಗೆ ಮನುಷ್ಯರನ್ನ ರಕ್ಷಣಾ ಸಾಧನ ಇಲ್ಲದೆ ಇಳಿಸೋದು ಅಪರಾಧ. ಮೊದಲ ಸಲಕ್ಕೇ 2 ವರ್ಷದ ತನಕ ಜೈಲು ಅಥವಾ 2 ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಗುತ್ತಿಗೆದಾರರಷ್ಟೇ ಅಲ್ಲ, ಕೆಲಸಕ್ಕೆ ಕರೆದವರೂ ಸಿಕ್ಕಿಬೀಳ್ತಾರೆ. ಮೇಲಾಗಿ ಒಳಗಿನ ವಿಷಾನಿಲಕ್ಕೆ ಜೀವ ಹೋಗಲಿಕ್ಕೆ ನಿಮಿಷ ಸಾಕು. ಗಾಡಿ ಬೇಕಂದ್ರೆ 14420ಕ್ಕೆ ಫೋನ್ ಮಾಡ್ರಿ, ಇಲ್ಲವೇ ಪಾಲಿಕೆ ವಲಯ ಕಚೇರಿಗೆ ಹೋಗ್ರಿ.

ಅಡ್ಮಿನ್ (1ನೇ ಕ್ರಾಸ್)
ಆ ವಿಷಯ ಇಲ್ಲಿಗೆ ಮುಗೀತು. ಈಗ ಅರ್ಜಿ ಹ್ಯಾಂಗ ಬರೆಯೋದು ಹೇಳ್ರಿ ಸರ್.

2ನೇ ಕ್ರಾಸ್, ಮನೆ 31
ಒಂದಲ್ಲ, ಎರಡು ಅರ್ಜಿ. ಎರಡು ಹದ್ದಿನವರು ಒಂದೇ ಹಾಳೆಯಲ್ಲಿ ಸಹಿ ಹಾಕಿದ್ರೆ "ಇದರಲ್ಲಿ ಅರ್ಧ ನಮ್ಮದಲ್ಲ" ಅನ್ನಲಿಕ್ಕೆ ದಾರಿ ನಾವೇ ಮಾಡಿಕೊಟ್ಟಂಗೆ.

ಪಾಲಿಕೆ ಬದಿಯವರು ಆಯುಕ್ತರಿಗೆ ಬರೀರಿ, ಅದರ ನಕಲು ವಲಯ ಕಚೇರಿಗೆ ಮತ್ತು ವಾರ್ಡ್ ಸದಸ್ಯರಿಗೆ. ಪಂಚಾಯತಿ ಬದಿಯವರು ಪಿಡಿಒಗೆ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಬರೀರಿ, ಅದರ ನಕಲು ತಾಲ್ಲೂಕು ಪಂಚಾಯತಿ ಇಒಗೆ (ಕಾರ್ಯನಿರ್ವಾಹಕ ಅಧಿಕಾರಿ) ಮತ್ತು ಜಿಲ್ಲಾ ಪಂಚಾಯತಿ ಸಿಇಒಗೆ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ). ತಾಲ್ಲೂಕು, ಜಿಲ್ಲಾ ಪಂಚಾಯತಿ ಸದಸ್ಯರ ಹೆಸರು ಹುಡುಕಬೇಡ್ರಿ, ಅವರ ಅವಧಿ 2021ರಲ್ಲೇ ಮುಗಿದಿದೆ. ಕಲಂ ಬರೆಯುವಾಗ ಎಚ್ಚರ: ಪಾಲಿಕೆ ಕಡ್ಡಾಯವಾಗಿ ಮಾಡಬೇಕಾದ ಕೆಲಸಗಳು 1976ರ ಕಾಯ್ದೆಯ ಕಲಂ 58ರಲ್ಲಿವೆ, ಗ್ರಾಮ ಪಂಚಾಯತಿಯವು 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ ಕಲಂ 58ರಲ್ಲಿವೆ. ಎರಡೂ ಕಡೆ ಅದೇ ನಂಬರ್ ಬಂದಿರೋದರಿಂದ ಬರೀ "ಕಲಂ 58" ಅಂತ ಬರೆದು ಬಿಡಬೇಡ್ರಿ, ಕಾಯ್ದೆ ಹೆಸರೂ ಇರಲಿ.

ಅದಕ್ಕಿಂತ ಮುಖ್ಯ ಇನ್ನೊಂದು ಕಾಗದ: ಹಸ್ತಾಂತರ. ಖಾಸಗಿ ಲೇಔಟಿನ ರಸ್ತೆ, ಪಾರ್ಕು, ಕೊಳವೆ ಮಾರ್ಗ ಹಸ್ತಾಂತರ ಆಗೋ ತನಕ ಸ್ಥಳೀಯ ಸಂಸ್ಥೆ ಅದರ ಮೇಲೆ ಹಣ ಹಾಕಲಿಕ್ಕೆ ಹಿಂದೆ ಮುಂದೆ ನೋಡ್ತದೆ. ಹಾಕಿದ್ರೆ ಲೆಕ್ಕ ಪರಿಶೋಧನೆಯವರು ಆಕ್ಷೇಪಣೆ ಬರೀತಾರೆ. "ನಮ್ಮದಲ್ಲ" ಅನ್ನೋ ಉತ್ತರದ ಹಿಂದೆ ಬಹಳ ಸಲ ಇರೋದು ಇದೇ ಭಯ. ಹಸ್ತಾಂತರ ಆಗಿದ್ರೆ ಆ ಪತ್ರದ ಪ್ರತಿ ಅರ್ಜಿಗೆ ಪಿನ್ ಮಾಡಿದ್ರೆ ಸಾಕು, ಮಾತು ಮುಗೀತು. ಆಗಿರಲಿಲ್ಲ ಅಂದ್ರೆ ನಮ್ಮ ಹೋರಾಟ ಲೇಔಟ್ ಮಾಡಿದವರ ಜೊತೆ ಮತ್ತು ಮಂಜೂರಾತಿ ಕೊಟ್ಟ ಪ್ರಾಧಿಕಾರದ ಜೊತೆ.

5ನೇ ಕ್ರಾಸ್, ಮನೆ 67
ಅದು ಮಾಹಿತಿ ಹಕ್ಕಿನಲ್ಲೇ ಸಿಗ್ತದೆ. ನಮೂನೆ ಎ, 10 ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಯಾಕೆ ಮಾಡಿಲ್ಲ" ಅಂತ ಕೇಳಬೇಡ್ರಿ, ಅದು ಮಾಹಿತಿ ಅಲ್ಲ ಅಂತ ವಾಪಸ್ ಬರ್ತದೆ. ದಾಖಲೆ ಕೇಳ್ರಿ: ಮಂಜೂರಾದ ಬಡಾವಣೆ ನಕ್ಷೆ, ರಸ್ತೆ ಮತ್ತು ಉದ್ಯಾನ ಬಿಟ್ಟುಕೊಟ್ಟ ನೋಂದಾಯಿತ ಪತ್ರ, ಒಳಚರಂಡಿ ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ, ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸಿದ ಪತ್ರ. 30 ದಿನದಲ್ಲಿ ಉತ್ತರ ಬರಬೇಕು. ವಿಷಯ ಬೇರೆ ಕಚೇರಿದು ಅಂದ್ರೆ 5 ದಿನದೊಳಗೆ ಅವರೇ ವರ್ಗಾಯಿಸಬೇಕು, ನಮ್ಮನ್ನ ಓಡಾಡಿಸಂಗಿಲ್ಲ. ಉತ್ತರ ಇಲ್ಲಾಂದ್ರೆ ಮೊದಲ ಮೇಲ್ಮನವಿ ಅದೇ ಕಚೇರಿಯ ಮೇಲಧಿಕಾರಿಗೆ. ಎರಡನೇದು ಮಾಹಿತಿ ಆಯೋಗಕ್ಕೆ, ಅದರ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಹೋಗೋ ಗರಜಿಲ್ಲ.

4ನೇ ಕ್ರಾಸ್, ಮನೆ 52
ನಮ್ಮ ಬದಿನೂ ಪಾಲಿಕೆಗೆ ಸೇರಿಸ್ರಿ ಅಂತ ಇದರ ಜೋಡಿನೇ ಕೇಳಿದ್ರ?

2ನೇ ಕ್ರಾಸ್, ಮನೆ 31
ಕೇಳಬಹುದು, ಆದ್ರೆ ಈಗ ಆಗಂಗಿಲ್ಲ. ಜನಗಣತಿ ಸಲುವಾಗಿ ದೇಶದಾಗಿನ ಎಲ್ಲಾ ಆಡಳಿತ ಗಡಿಗಳನ್ನ 2025ರ ಡಿಸೆಂಬರ್ 31ಕ್ಕೆ ಸ್ಥಿರ ಮಾಡಿದ್ದಾರೆ. 2027ರ ಮಾರ್ಚ್ 31ರ ತನಕ ಜಿಲ್ಲೆ, ತಾಲ್ಲೂಕು, ಕಂದಾಯ ಗ್ರಾಮ, ನಗರ ಸಂಸ್ಥೆ ಯಾವುದರ ಹದ್ದೂ ಬದಲಾಗಂಗಿಲ್ಲ. ಗಣತಿ ನಡುವೆ ಹದ್ದು ಸರಿದ್ರೆ ಒಂದೇ ಮನೆ ಎರಡು ಕಡೆ ಎಣಿಕೆಗೆ ಬರಬಹುದು, ಇಲ್ಲವೇ ಎರಡೂ ಕಡೆ ತಪ್ಪಬಹುದು. ಅದಾದ ಮೇಲೂ ಸರ್ಕಾರ ಮೊದಲು ಕರಡು ಅಧಿಸೂಚನೆ ಹೊರಡಿಸಬೇಕು, ಆಕ್ಷೇಪಣೆ ಕೇಳಬೇಕು, ಆಮೇಲೆ ಅಂತಿಮ. ಹಳ್ಳಿಯವರು ಒಪ್ಪೋದೂ ಅಷ್ಟು ಸಲೀಸಲ್ಲ. ಪಾಲಿಕೆಗೆ ಸೇರಿದ್ರೆ ತೆರಿಗೆ ಏರ್ತದೆ, ಗ್ರಾಮೀಣ ಉದ್ಯೋಗ ಖಾತ್ರಿ ಕೆಲಸ ನಿಲ್ತದೆ. ಕೂಲಿ ಮೇಲೆ ಬದುಕೋ ಮನೆಗೆ ಅದು ದೊಡ್ಡ ಹೊಡೆತ, ನಮ್ಮ ಚೇಂಬರಿಗಾಗಿ ಅವರು ಯಾಕೆ ಅದನ್ನ ಬಿಡಬೇಕು?

ಅಲ್ಲಿ ತನಕ ಪಂಚಾಯತಿಯ ವಾರ್ಡ್ ಸಭೆಗೆ ಹೋಗ್ರಿ. ಆರು ತಿಂಗಳಿಗೊಮ್ಮೆಯಾದರೂ ನಡೆಸಬೇಕು ಅಂತ ಕಾಯ್ದೆ. ಅಲ್ಲಿ ಬರೆಸಿದ ಕೆಲಸವೇ ಗ್ರಾಮ ಸಭೆಗೆ ಬಂದು ಪಂಚಾಯತಿ ಕ್ರಿಯಾ ಯೋಜನೆಗೆ ಏರೋದು. ನಡಾವಳಿ ಪುಸ್ತಕದಲ್ಲಿ ಬರೆದರೋ ಇಲ್ಲೋ ಅಲ್ಲೇ ನಿಂತು ನೋಡ್ರಿ. ಬಾಯಲ್ಲಿ ಹೇಳಿ ಬಂದದ್ದು ಕ್ರಿಯಾ ಯೋಜನೆಗೆ ಏರಂಗಿಲ್ಲ.

1ನೇ ಕ್ರಾಸ್, ಮನೆ 3
ಪಾಲಿಕೆ ಬದಿಗೂ ಅಂಥ ಸಭೆ ಅದಾವೇನ್ರಿ?

2ನೇ ಕ್ರಾಸ್, ಮನೆ 31
ಕಾಯ್ದೆಯಲ್ಲಿ ವಾರ್ಡ್ ಸಮಿತಿ ಇದೆ, ಅದರ ಕೆಳಗೆ ಪ್ರದೇಶ ಸಭೆನೂ ಇದೆ. ವಾರ್ಡ್ ಸದಸ್ಯರೇ ಸಮಿತಿ ಅಧ್ಯಕ್ಷರು, ಜೊತೆಗೆ 10 ಮಂದಿ ನಾಗರಿಕರು. ಅದರಲ್ಲಿ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಪಂಗಡದವರು, ಇಬ್ಬರು ನಿವಾಸಿ ಸಂಘಗಳವರು. ತಿಂಗಳಿಗೊಂದು ಸಭೆ. ನಮ್ಮ ಸಂಘ ನೋಂದಣಿ ಆಗಿರಲಿಲ್ಲ ಅಂದ್ರೆ ಆ ಜಾಗಕ್ಕೆ ಕೇಳೋದು ಕಷ್ಟ, ಅದನ್ನ ಈ ತಿಂಗಳೇ ಮಾಡ್ರಿ.

3ನೇ ಕ್ರಾಸ್, ಮನೆ 9
ರೊಕ್ಕ ಇಲ್ಲ ಅಂದ್ರ? ಕಲ್ಯಾಣ ಕರ್ನಾಟಕ ಮಂಡಳ್ಯಾಗ ಸಾವಿರಾರು ಕೋಟಿ ಅದ ಅಂತಾರ.

2ನೇ ಕ್ರಾಸ್, ಮನೆ 31
ಅದ ಖರೆ, ಸಂವಿಧಾನದ 371(ಜೆ) ಅನುಚ್ಛೇದದಿಂದ ಬಂದ ಮಂಡಳಿ ಅದು. ಆದ್ರೆ ಅಲ್ಲಿಂದ ಬರೋದು ಹೊಸ ಕಾಮಗಾರಿಗೆ. ಕೊಳವೆ ಬದಲಿಸಿ ಹೊಸ ಮಾರ್ಗ ಹಾಕಬೇಕು ಅಂತ ಅಂದಾಜು ಪಟ್ಟಿ ತಯಾರಾದ್ರೆ ಶಾಸಕರ ಮೂಲಕ ಪ್ರಸ್ತಾವ ಕಳಿಸಬಹುದು. ಶಾಸಕರ ಸ್ವಂತ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಅದು ಇಡೀ ಕ್ಷೇತ್ರಕ್ಕೆ. ಕಟ್ಟಿದ ಚೇಂಬರ್ ಬಿಡಿಸೋದು ಮಾತ್ರ ದಿನದ ನಿರ್ವಹಣೆ, ನಾವು ಕಟ್ಟೋ ತೆರಿಗೆಯಿಂದಲೇ ಆಗಬೇಕು. ಅದಕ್ಕೇ ಬಾಕಿ ಇದ್ದವರು ಅರ್ಜಿಗೆ ಮೊದಲು ಕಟ್ಟಿಬಿಡ್ರಿ, ರಸೀದಿ ಪ್ರತಿ ಜೋಡಿಸೋಣ.

ಅಡ್ಮಿನ್ (1ನೇ ಕ್ರಾಸ್)
ಆಯ್ತು. ರವಿವಾರ ಮುಂಜಾನಿ ಪಾರ್ಕಿನಾಗ ಸಹಿ. ಪಾಲಿಕೆ ಅರ್ಜಿ ಮನೆ 31, ಪಂಚಾಯತಿ ಅರ್ಜಿ ಮನೆ 52, ಮಾಹಿತಿ ಹಕ್ಕು ಮನೆ 67. ಪೋಸ್ಟಲ್ ಆರ್ಡರ್ ನಾ ತರ್ತೀನಿ. ಸರ್ಕಾರದ ಸಹಾಯವಾಣಿ 1902ಕ್ಕೂ ದೂರು ಹಾಕಿ ನಂಬರ್ ಇಲ್ಲಿ ಬರೀರಿ, ಒಬ್ಬರು ಹಾಕಿದ್ರ ಸಾಕು. ಕಾಕಾ, ಮಾಳಗಿ ಪೈಪ್ ಲೆಕ್ಕ ನೀವು ತಗೋರಿ, ನಿಮ್ಮ ಮಾತಿಗೆ ಯಾರೂ ಇಲ್ಲ ಅನ್ನಂಗಿಲ್ಲ.

3ನೇ ಕ್ರಾಸ್, ಮನೆ 9
ತಗೋತೀನ್ರಿ. ಮೊದಲು ನಮ್ಮ ಮನಿದೇ ಬಿಚ್ಚಬೇಕಾಗ್ತದ.

2ನೇ ಕ್ರಾಸ್, ಮನೆ 31
ಅರ್ಜಿ ಕೊಡುವಾಗ ಟಪಾಲು ವಿಭಾಗದಲ್ಲೇ ಕೊಡ್ರಿ, ಸಾಹೇಬರ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡು ಬರಬೇಡ್ರಿ. ನಮ್ಮ ಪ್ರತಿ ಮೇಲೆ ಸಿಕ್ಕಾ, ತಾರೀಖು, ಆವಕ ನಂಬರ್ ಮೂರೂ ಬೇಕು.